ಬೀಟ್‌ರೂಟು, ದಾಸವಾಳ, ಸುಟ್ಟ ಅಕ್ಕಿ: ಮಕ್ಕಳ ಜೊತೆ ಮನೆಯಲ್ಲೇ ಬಣ್ಣ ಮಾಡುವುದು ಹೇಗೆ?

ಏಪ್ರಿಲ್ ಬಂತೆಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ನಾಲ್ಕು ವರ್ಷದ ಮಗಳಿದ್ದಾಳೆ, ಫೋನ್ ಕೊಡದೆ ದಿನವಿಡೀ ಏನು ಮಾಡಿಸಲಿ? ಯಾವ ಕ್ರಾಫ್ಟ್ ಕಿಟ್ ತರಲಿ? ಬಣ್ಣ ಬಾಯಿಗೆ ಹಾಕಿಕೊಂಡರೆ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ. ಕಿಟ್ ಬೇಡ. ಅಡುಗೆಮನೆಯಲ್ಲಿ ಇರುವುದು, ಅಂಗಳದಲ್ಲೋ ಪಾರ್ಕಿನಲ್ಲೋ ಸಿಗುವುದು, ಇಷ್ಟರಲ್ಲೇ ಏಳೆಂಟು ಬಣ್ಣ ಮಾಡಬಹುದು. ಮೂರರಿಂದ ಏಳು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನವರಿಗೆ ಚಿತ್ರ ಬರೆಯುವುದಕ್ಕಿಂತ ಬಣ್ಣ ತೆಗೆಯುವುದೇ ಜಾಸ್ತಿ ಖುಷಿ. ಹಿಂಡುವುದು, ಜಜ್ಜುವುದು, ಸೋಸುವುದು, ಒಂದರಿಂದ ಇನ್ನೊಂದಕ್ಕೆ ಸುರಿಯುವುದು. ಚಿತ್ರ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಹಿಂಡುವ ಕೆಲಸ ಮುಕ್ಕಾಲು ಗಂಟೆ ನಡೆಯುತ್ತದೆ. ಆದರೆ ನಾವೇನು ಮಾಡುತ್ತೇವೆ? ಗಲೀಜಾಗುತ್ತದೆ ಅಂತ ಬಣ್ಣವನ್ನೆಲ್ಲ ನಾವೇ ತಯಾರಿಸಿ ಬಟ್ಟಲಿಗೆ ಹಾಕಿ, "ಇಗೋ ಪುಟ್ಟ, ಬರಿ" ಅಂತ ಕೊಡುತ್ತೇವೆ. ಅದು ಹತ್ತೇ ನಿಮಿಷಕ್ಕೆ "ಅಮ್ಮಾ, ಬೋರು" ಅನ್ನುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಮಗುವಿನ ಕೆಲಸ ಯಾವುದು, ನಿಮ್ಮ ಕೆಲಸ ಯಾವುದು ಅಂತ ಬಿಡಿಸಿ ಹೇಳಿದ್ದೇನೆ.

ಏನೇನು ಬೇಕು

ಅಡುಗೆಯ ಅರಿಶಿನ, ಒಂದು ಬೀಟ್‌ರೂಟು, ಒಂದು ಹಿಡಿ ಪಾಲಕ್, ಕಾಫಿ ಪುಡಿ, ನಾಲ್ಕು ಚಮಚ ಅಕ್ಕಿ, ಮೈದಾ, ನಿಂಬೆಹಣ್ಣು, ಅಡುಗೆ ಸೋಡ, ಒಂದು ತುಂಡು ಮೈಸೋಪು. ಹೂಗಳಲ್ಲಿ ಕೆಂಪು ದಾಸವಾಳ ಅಥವಾ ನೀಲಿ ಶಂಖಪುಷ್ಪ. ಅಚ್ಚು ಒತ್ತಲು ಬಲಿತ ಬೆಂಡೆಕಾಯಿ, ಹಾಗಲಕಾಯಿ, ಒಂದಿಷ್ಟು ಎಲೆ. ಸೋಸಲು ಹಳೆಯ ಪಂಚೆಯ ತುಂಡು. ಏಳೆಂಟು ಸಣ್ಣ ಬಟ್ಟಲು.

ಕಾಗದದ ಬಗ್ಗೆ ಸ್ವಲ್ಪ ಗಮನ ಕೊಡಿ. ಹೊಳೆಯುವ ಕಾಗದದ ಮೇಲೆ ಈ ಬಣ್ಣಗಳು ನಿಲ್ಲುವುದಿಲ್ಲ, ಜಾರಿಬಿಡುತ್ತವೆ. ತೆಳು ನೋಟ್‌ಬುಕ್ ಹಾಳೆ ನೀರು ಕುಡಿದು ಹರಿಯುತ್ತದೆ. ಡ್ರಾಯಿಂಗ್ ಶೀಟ್ ಇದ್ದರೆ ಸರಿ, ಇಲ್ಲದಿದ್ದರೆ ಮನೆಗೆ ಬಂದು ಬಿದ್ದಿರುವ ಲಗ್ನಪತ್ರಿಕೆಗಳ ಹಿಂಬದಿ ಬಹಳ ಚೆನ್ನಾಗಿರುತ್ತದೆ. ದಪ್ಪಗಿರುತ್ತದೆ, ದುಡ್ಡೂ ಇಲ್ಲ.

ಪೂಜೆಯ ಅರಿಶಿನ, ಪೂಜೆಯ ಕುಂಕುಮ, ರಂಗೋಲಿ ಪುಡಿ, ಹೋಳಿ ಬಣ್ಣ ಇವು ಬೇಡ. ಇವು ತಿನ್ನುವ ಪದಾರ್ಥಗಳಲ್ಲ. ಅಡುಗೆಗೆ ಬಳಸುವುದನ್ನೇ ತೆಗೆದುಕೊಳ್ಳಿ. ಮಗು ಬೆರಳು ನೆಕ್ಕಿಯೇ ನೆಕ್ಕುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡೋಣ.

ಹಂತ 1: ಜಾಗ ಮಾಡಿಕೊಳ್ಳಿ

ಮೇಜು ಬೇಡ. ನೆಲವೇ ಸರಿ. ಬಟ್ಟಲು ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಹಿತ್ತಿಲು, ಬಾಲ್ಕನಿ, ಬಟ್ಟೆ ಒಗೆಯುವ ಜಾಗ, ಯಾವುದಾದರೂ ಆದೀತು. ಕೆಳಗೆ ಹಳೆಯ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಪೇಪರು. ಮಗುವಿಗೆ ಇನ್ನು ಹಾಕದಿದ್ದರೂ ಪರವಾಗಿಲ್ಲ ಅನ್ನುವಂಥ ಬಟ್ಟೆ ಹಾಕಿ. ನೀವೂ ಅಷ್ಟೇ. ಪಕ್ಕದಲ್ಲಿ ಅರ್ಧ ಬಕೆಟ್ ನೀರು, ಒಂದು ಒರೆಸುವ ಬಟ್ಟೆ ಇಡಿ, ಇಲ್ಲದಿದ್ದರೆ ಅರಿಶಿನದ ಕೈಯಲ್ಲೇ ಬಚ್ಚಲಿಗೆ ಓಡುತ್ತಾರೆ, ದಾರಿಯಲ್ಲಿರುವ ಗೋಡೆಗೆಲ್ಲ ಕೈ ಒತ್ತಿಕೊಂಡು. ಕೆಲಸ ಮುಗಿದ ಮೇಲೆ ಮಕ್ಕಳು ಕೈ ತೊಳೆದ ನೀರಿನ ಬಕೆಟನ್ನು ತಕ್ಷಣ ಚೆಲ್ಲಿಬಿಡಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ತುಂಬಿದ ಬಕೆಟ್ ಹಾಗೇ ಬಿಡಬಾರದು.

ಹಂತ 2: ಎಲೆ, ಹೂ ಆರಿಸಲು ಹೊರಗೆ ಹೋಗಿ

ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಚೀಲ ಹಿಡಿದು ಅರ್ಧ ಗಂಟೆ. ಮಗುವಿನ ಕೆಲಸ: ಆರಿಸುವುದು, ಚೀಲಕ್ಕೆ ಹಾಕುವುದು. ನಿಮ್ಮ ಕೆಲಸ: ಯಾವುದನ್ನು ಮುಟ್ಟಬಾರದು ಅಂತ ತೋರಿಸುವುದು. ಈ ಎರಡನೆಯದು ಮುಖ್ಯ, ಯಾಕೆಂದರೆ ನಮ್ಮ ಬೀದಿಗಳಲ್ಲೇ ವಿಷದ ಗಿಡಗಳು ಬೇಕಾದಷ್ಟಿವೆ.

ಕಣಗಿಲೆಯ ಎಲೆ, ಹೂ, ಕಾಯಿ ಎಲ್ಲವೂ ವಿಷ. ಹಳದಿ ಕಣಗಿಲೆಯಂತೂ, ಅದರ ಬೀಜ ಜೀವಕ್ಕೇ ಅಪಾಯ. ಪೂಜೆಗೆ ಬಳಸುತ್ತೇವೆ ಅಂತ ಅದು ಸಾಧು ಗಿಡ ಅಂದುಕೊಳ್ಳಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಉಮ್ಮತ್ತಿ, ಹರಳು ಬೀಜ ಬೇಡ. ಗುಲಗಂಜಿ ನೋಡಲು ಎಷ್ಟು ಚೆಂದವೋ ಅಗಿದರೆ ಅಷ್ಟೇ ಅಪಾಯ, ಅದನ್ನು ಆಟಕ್ಕೆ ಮನೆಗೆ ತರಲೇಬೇಡಿ. ಕಾಂಗ್ರೆಸ್ ಗಿಡ ಕೆಲವರಿಗೆ ಮೈತುರಿಕೆ ತರುತ್ತದೆ. ಕೆಸುವಿನ ಎಲೆಯೂ ತುರಿಸುತ್ತದೆ. ಗುರುತು ಸಿಗದ ಗಿಡ ಅಂದರೆ ಬಿಟ್ಟುಬಿಡಿ.

ಹಾಗಾದರೆ ಯಾವುದು ತರಬಹುದು? ದಾಸವಾಳದ ಎಲೆ-ಹೂ, ಸೀಬೆ ಎಲೆ, ಅರಳಿ ಎಲೆ, ಹಲಸಿನ ಎಲೆ, ನುಗ್ಗೆ ಸೊಪ್ಪು, ಶಂಖಪುಷ್ಪ (ಗಿರಿಕರ್ಣಿಕೆ ಅಂತಲೂ ಕರೆಯುತ್ತಾರೆ). ಬಿದ್ದಿರುವ ಎಲೆಯಲ್ಲೂ ಹಸಿಯಾಗಿರುವುದನ್ನೇ ಆರಿಸಿ, ಒಣಗಿದ್ದು ಒತ್ತುವಾಗ ಪುಡಿಯಾಗುತ್ತದೆ.

ಹಂತ 3: ಬಣ್ಣ ತೆಗೆಯಿರಿ

ಇದಕ್ಕೆ ಆತುರ ಮಾಡಬೇಡಿ. ಒಂದೇ ದಿನ ಎಲ್ಲ ಬಣ್ಣವೂ ಬೇಡ. ಮೂರು ವರ್ಷದವರಿಗೆ ಎರಡು ಬಣ್ಣ ಸಾಕು, ದೊಡ್ಡವರಿಗೆ ನಾಲ್ಕು.

ಹಳದಿ: ಒಂದು ಚಹಾ ಚಮಚ ಅರಿಶಿನ, ಎರಡು ದೊಡ್ಡ ಚಮಚ ನೀರು. ಮಗು ಕಲಸಲಿ. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಪ್ರತಿ ಸಲ ಅದ್ದುವ ಮೊದಲು ಕದಡಬೇಕು ಅಂತ ಹೇಳಿಕೊಡಿ.

ಗುಲಾಬಿ: ಅರ್ಧ ಬೀಟ್‌ರೂಟು ನೀವು ತುರಿದುಕೊಡಿ, ತುರಿಮಣೆ ಮಕ್ಕಳ ಕೈಗೆ ಬೇಡ. ತುರಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಕೈಗೆ ಕೊಟ್ಟು ಬಟ್ಟಲಿನ ಮೇಲೆ ಹಿಂಡಲು ಹೇಳಿ. ಬೇಯಿಸುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಬೀಟ್‌ರೂಟಿನ ಬಣ್ಣ ಜಾಸ್ತಿ ಹೊತ್ತು ಕುದಿಸಿದರೆ ಕಂದುಗಟ್ಟುತ್ತದೆ, ಹಸಿಯಾಗಿ ಹಿಂಡಿದ್ದೇ ಚೆಂದ. ಇನ್ನೊಂದು ವಿಷಯ: ಮಗು ತುರಿಯನ್ನು ತಿಂದರೆ ಮಾರನೆಯ ದಿನ ಮೂತ್ರ ಅಥವಾ ಮಲ ಕೆಂಪಗಾಗಿ ಕಾಣಬಹುದು. ಗಾಬರಿಯಾಗುವ ಮೊದಲು ನಿನ್ನೆ ಬೀಟ್‌ರೂಟು ತಿಂದಿದ್ದು ನೆನಪಿಸಿಕೊಳ್ಳಿ.

ಹಸಿರು: ಪಾಲಕ್ ಸೊಪ್ಪನ್ನು ಎರಡು ಚಮಚ ನೀರು ಹಾಕಿ ಕುಟ್ಟಾಣಿಯಲ್ಲಿ ಜಜ್ಜಿ. ಮಿಕ್ಸಿಯಲ್ಲಿ ಅರ್ಧ ನಿಮಿಷಕ್ಕೆ ಆಗುತ್ತದೆ ನಿಜ, ಆದರೆ ಆಗ ಮಗುವಿಗೆ ಕೆಲಸವೇ ಇರುವುದಿಲ್ಲ. ಕುಟ್ಟಿದ್ದನ್ನು ಬಟ್ಟೆಯಲ್ಲಿ ಹಿಂಡಿ. ಇದನ್ನು ಆದಷ್ಟು ಅವತ್ತೇ ಬಳಸಿ, ಹೊರಗಿಟ್ಟರೆ ಮರುದಿನಕ್ಕೆ ಮಾಸಿ ವಾಸನೆ ಬರುತ್ತದೆ.

ಕಂದು: ಇನ್‌ಸ್ಟಂಟ್ ಕಾಫಿ ಪುಡಿ ಒಂದು ಚಮಚಕ್ಕೆ ಎರಡು ಚಮಚ ಬಿಸಿನೀರು. ಫಿಲ್ಟರ್ ಕಾಫಿ ಮನೆಯವರಾದರೆ ಗಟ್ಟಿ ಡಿಕಾಕ್ಷನ್ ಸಾಕು.

ನೀಲಿ ಅಥವಾ ನೇರಳೆ: ಹತ್ತು ಶಂಖಪುಷ್ಪ, ಇಲ್ಲವೇ ಐದಾರು ಕೆಂಪು ದಾಸವಾಳದ ಪಕಳೆ. ಹಸಿರು ತೊಟ್ಟು, ನಡುವಿನ ಕೇಸರ ಕಿತ್ತು ಪಕಳೆ ಬಿಡಿಸುವುದು ಮಗುವಿನ ಕೆಲಸ. ಅರ್ಧ ಲೋಟ ಬಿಸಿನೀರು ನೀವು ಹಾಕಿ, ಕಾಲು ಗಂಟೆ ಮುಚ್ಚಿಡಿ. ಶಂಖಪುಷ್ಪದಿಂದ ಒಳ್ಳೆಯ ನೀಲಿ, ದಾಸವಾಳದಿಂದ ಮಬ್ಬು ನೇರಳೆ. ಬಿಳಿ ಶಂಖಪುಷ್ಪದಿಂದ ಏನೂ ಬರುವುದಿಲ್ಲ. ಹೊರದೇಶದಲ್ಲಿದ್ದು ಈ ಹೂಗಳು ಸಿಗದಿದ್ದರೆ ನೇರಳೆ ಬಣ್ಣದ ಎಲೆಕೋಸನ್ನು ಹೆಚ್ಚಿ ಬಿಸಿನೀರಿಗೆ ಹಾಕಿ, ಅದೇ ಕೆಲಸ ಆಗುತ್ತದೆ.

ಬಿಳಿ ಮತ್ತು ಕಪ್ಪು: ಇವೆರಡೂ ಅಕ್ಕಿಯಿಂದಲೇ. ಈ ಉಪಾಯ ನನ್ನದಲ್ಲ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ಲ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ ಗೆರೆಗಳ ಚಿತ್ರ, ಅದರಲ್ಲಿ ಬಿಳಿ ಅಕ್ಕಿ ಹಿಟ್ಟಿನದು, ಕಪ್ಪು ಹುರಿದು ಸುಟ್ಟ ಅಕ್ಕಿಯದು, ಹಳದಿ ಗುರಿಗೆ ಅನ್ನುವ ಕಾಯಿಯದು. ಬಿಳಿಗೆ ಎರಡು ಚಮಚ ಅಕ್ಕಿಯನ್ನು ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಕಪ್ಪಿಗೆ ಎರಡು ಚಮಚ ಅಕ್ಕಿಯನ್ನು ಹಳೆಯ ಬಾಣಲೆಯಲ್ಲಿ ಪೂರ್ತಿ ಕರ್ರಗಾಗುವ ತನಕ ಹುರಿದು, ಆರಿಸಿ, ನೀರಿನಲ್ಲಿ ನೆನೆಸಿ ರುಬ್ಬಿ. ಹುರಿಯುವಾಗ ಮಕ್ಕಳು ಅಡುಗೆಮನೆಯಿಂದ ಆಚೆ ಇರಲಿ, ಕಿಟಕಿಯೆಲ್ಲ ತೆಗೆದಿರಲಿ. ನಾನು ಒಮ್ಮೆ ಕಿಟಕಿ ತೆಗೆಯುವುದು ಮರೆತು, ಪಕ್ಕದ ಮನೆಯವರು ಬಂದು ಬಾಗಿಲು ಬಡಿದಿದ್ದರು. ಕಂದು ಬಣ್ಣಕ್ಕೆ ನಿಲ್ಲಿಸಿದರೆ ಕಪ್ಪು ಬರುವುದಿಲ್ಲ, ಪೂರ್ತಿ ಸುಡಬೇಕು.

ಕೆಂಪು: ಕೆಮ್ಮಣ್ಣು ಸಿಗುವ ಕಡೆ ಇದ್ದರೆ ನಿಮ್ಮ ಅದೃಷ್ಟ. ಒಂದು ಹಿಡಿ ಮಣ್ಣು, ಒಂದು ಚೊಂಬು ನೀರು, ಚೆನ್ನಾಗಿ ಕದಡಿ, ಒಂದು ನಿಮಿಷ ಬಿಡಿ. ಕಲ್ಲು, ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಕೂತಿರುತ್ತದೆ, ಮೇಲಿನ ನೀರು ಚೆಲ್ಲಿ. ಮಕ್ಕಳು ಇದನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾ ಕೂತುಬಿಡುತ್ತಾರೆ. ನಾಯಿ, ಬೆಕ್ಕು ಓಡಾಡುವ ಕಡೆಯ ಮಣ್ಣು ಬೇಡ, ಸ್ವಲ್ಪ ಅಗೆದು ಒಳಗಿನದು ತೆಗೆಯಿರಿ, ಆಟ ಮುಗಿದ ಮೇಲೆ ಉಗುರಿನ ಸಂದಿಯೂ ಸೇರಿ ಸೋಪು ಹಾಕಿ ತೊಳೆಸಿ. ಈ ಒಂದು ಬಣ್ಣ ಮಾತ್ರ ಬಾಯಿಗೆ ಹೋಗಬಾರದು, ಹಾಗಾಗಿ ಎಲ್ಲವನ್ನೂ ಬಾಯಿಗಿಡುವ ಚಿಕ್ಕವರಿಗೆ ಇದು ಬೇಡ.

ಹಂತ 4: ಬಣ್ಣ ಗಟ್ಟಿ ಮಾಡಿ

ಹಾಗೇ ಬಳಸಿದರೆ ಬಣ್ಣ ನೀರು ನೀರಾಗಿ ಹರಡುತ್ತದೆ. ಒಂದು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ (ಇದು ಮಗುವಿನ ಕೆಲಸ), ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಯ ಹದಕ್ಕೆ ಬೇಯಿಸಿ (ಇದು ನಿಮ್ಮದು). ನಾವು ಶಾಲೆಯಲ್ಲಿ ಚಾರ್ಟ್ ಅಂಟಿಸುತ್ತಿದ್ದ ಮೈದಾ ಅಂಟೇ, ಸ್ವಲ್ಪ ತೆಳು ಅಷ್ಟೆ. ಪೂರ್ತಿ ತಣ್ಣಗಾದ ಮೇಲೆ ಒಂದು ಪಾಲು ಬಣ್ಣಕ್ಕೆ ಒಂದು ಪಾಲು ಅಂಟು. ಬಿಸಿ ಇರುವಾಗಲೇ ಬೀಟ್‌ರೂಟು ರಸ ಸುರಿಯಬೇಡಿ. ಅಕ್ಕಿಯ ಬಿಳಿ, ಕಪ್ಪು ಬಣ್ಣಗಳಿಗೂ ಸ್ವಲ್ಪ ಅಂಟು ಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಉದುರುತ್ತವೆ. ಹಂತ 5ರ ಆಟಕ್ಕೆ ಮಾತ್ರ ಹೂವಿನ ನೀರನ್ನು ಅಂಟು ಹಾಕದೆ ಬೇರೆ ಇಟ್ಟುಕೊಳ್ಳಿ.

ಹಂತ 5: ಬಣ್ಣ ಬದಲಾಗುವ ಆಟ

ಎಲ್ಲದಕ್ಕಿಂತ ಇದು ನನಗೇ ಜಾಸ್ತಿ ಇಷ್ಟ. ಹೂವಿನ ನೀರನ್ನು ಮೂರು ಬಟ್ಟಲಿಗೆ ಹಾಕಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮಗು ನಾಲ್ಕು ಹನಿ ನಿಂಬೆರಸ ಹಾಕಲಿ. ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡ. ನಿಂಬೆ ಬಿದ್ದದ್ದು ಶಂಖಪುಷ್ಪವಾದರೆ ನೇರಳೆ-ಗುಲಾಬಿ, ದಾಸವಾಳವಾದರೆ ಹೊಳೆಯುವ ಕೆಂಪು. ಸೋಡ ಬಿದ್ದದ್ದು ಹಸಿರಿನ ಕಡೆ ತಿರುಗುತ್ತದೆ. ಕೊನೆಗೆ ನಿಂಬೆಯದನ್ನೂ ಸೋಡದ್ದನ್ನೂ ಒಂದಕ್ಕೊಂದು ಸುರಿಯಲು ಬಿಡಿ, ನಿಂಬೆರಸ, ಸೋಡ ಎರಡನ್ನೂ ಇನ್ನಷ್ಟು ಹಾಕಿದ್ದರೆ ಬುರಬುರ ನೊರೆ ಬರುತ್ತದೆ. ತಟ್ಟೆಯೊಳಗಿಟ್ಟು ಮಾಡಿಸಿ.

ಐದಾರು ವರ್ಷದವರು "ಯಾಕೆ?" ಅಂತ ಕೇಳಿಯೇ ಕೇಳುತ್ತಾರೆ. ಈ ಹೂಗಳಲ್ಲಿ ಆಂಥೋಸಯನಿನ್ ಅನ್ನುವ ಬಣ್ಣದ ಅಂಶ ಇರುತ್ತದೆ, ಅದು ಹುಳಿ ತಾಗಿದರೆ ಒಂದು ಬಣ್ಣ, ಕ್ಷಾರ ತಾಗಿದರೆ ಇನ್ನೊಂದು ಬಣ್ಣ ತೋರಿಸುತ್ತದೆ. ಕ್ಷಾರ ಅಂದರೆ ಹುಳಿಗೆ ಎದುರಿನ ಗುಣ: ಸೋಪು, ಸೋಡ, ಸುಣ್ಣ ಇವೆಲ್ಲ ಕ್ಷಾರ. ಮೂರು ವರ್ಷದವರಿಗೆ "ಹೂವಿಗೆ ಹುಳಿ ಆಯ್ತು" ಅಂದರೆ ಸಾಕು.

ಅರಿಶಿನದ್ದೂ ಇದೇ ಜಾದೂ, ಆದರೆ ಇದು ನಮಗೆ ಹಳೆಯ ಪರಿಚಯ. ಆರತಿ ಎತ್ತುವ ಓಕುಳಿ ನೀರು ಕೆಂಪಗಾಗುವುದು ಅರಿಶಿನಕ್ಕೆ ಸುಣ್ಣ ಬಿದ್ದಾಗಲೇ ಅಲ್ವಾ? ಆದರೆ ಮಕ್ಕಳ ಆಟಕ್ಕೆ ಸುಣ್ಣ ಬೇಡವೇ ಬೇಡ. ಎಲೆಅಡಿಕೆಯ ಸುಣ್ಣವಾದರೂ ಕಣ್ಣಿಗೆ ಹಾರಿದರೆ ಕಣ್ಣೇ ಸುಡುತ್ತದೆ. ಸೋಪಿನ ನೀರು ಸಾಕು. ಮಾಡುವ ಬಗೆ ಹೀಗೆ:

ಕಾಗದಕ್ಕೆ ಅರಿಶಿನದ ನೀರು ಪೂರ್ತಿ ಬಳಿದು ಒಣಗಿಸಿ. ಒಣಗಿದ ಮೇಲೆ ಪುಡಿ ಕೊಡವಿ. ಬಟ್ಟಲಿನಲ್ಲಿ ಎರಡು ಚಮಚ ನೀರಿಗೆ ಮೈಸೋಪಿನ ತುಂಡು ಉಜ್ಜಿ ಕರಗಿಸಿ. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಕಾಗದದ ಮೇಲೆ ಬರೆಯಲಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಇದನ್ನು ಒಂದು ಸಲ ಕಂಡುಕೊಂಡ ಮಗು ಕಾಗದ ಹರಿಯುವ ತನಕ ಬರೆದು ಅಳಿಸಿ ಬರೆದು ಅಳಿಸಿ ಮಾಡುತ್ತದೆ. ಮಾಡಲಿ. ಕೆಂಪು ಮಂಕಾಗಿದ್ದರೆ ಸೋಪು ಸಾಲದು ಅಂತ ಅರ್ಥ, ಇನ್ನಷ್ಟು ಉಜ್ಜಿ. ಅಡುಗೆ ಸೋಡದಲ್ಲೂ ಆಗುತ್ತದೆ, ಆದರೆ ಕೆಂಪಿನ ಬದಲು ಕಿತ್ತಳೆ-ಕಂದು ಬರುತ್ತದೆ.

ಸೋಪಿನ ಕೈಯಾಗಲಿ ನಿಂಬೆಯ ಕೈಯಾಗಲಿ ಕಣ್ಣುಜ್ಜದಂತೆ ಒಂದು ಕಣ್ಣಿಟ್ಟಿರಿ.

ಹಂತ 6: ಅಚ್ಚು ಒತ್ತಿ, ಬರೆಯಿರಿ

ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಐದು ಮೂಲೆಯ ಹೂವು. ಎಳೆಯದು ಒತ್ತಿದ ಕೂಡಲೇ ನಜ್ಜಾಗುತ್ತದೆ, ಅಡುಗೆಗೆ ಬಾರದ ಬಲಿತದ್ದನ್ನೇ ಇದಕ್ಕೆ ಎತ್ತಿಡಿ. ಹಾಗಲಕಾಯಿಯ ಬೀಜ ತೆಗೆದು ಒತ್ತಿದರೆ ಜಾಲರಿ ಅಂಚಿನ ಬಳೆ. ಈರುಳ್ಳಿಯಲ್ಲಿ ಉಂಗುರದೊಳಗೆ ಉಂಗುರ. ಬಾಳೆದಿಂಡೂ ಚೆನ್ನಾಗಿರುತ್ತದೆ, ಆದರೆ ಬಾಳೆಯ ಕಲೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಅದಕ್ಕೆ ನಾನು ಕೊಡುವುದಿಲ್ಲ.

ಕತ್ತರಿಸಿದ ಭಾಗವನ್ನು ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಅಚ್ಚನ್ನು ನೇರ ಬಟ್ಟಲಿಗೆ ಅದ್ದಿದರೆ ಬಣ್ಣ ಸೋರಿ ಎಲ್ಲ ಕಲಸಿ ಹೋಗುತ್ತದೆ. ತಟ್ಟೆಯಲ್ಲಿ ಒದ್ದೆ ಬಟ್ಟೆ ಮಡಿಸಿಟ್ಟು ಅದರ ಮೇಲೆ ಎರಡು ಚಮಚ ಬಣ್ಣ ಸುರಿಯಿರಿ, ಸ್ಟಾಂಪ್ ಪ್ಯಾಡ್ ಥರ. ಅಚ್ಚನ್ನು ಅದರ ಮೇಲೊತ್ತಿ ಕಾಗದಕ್ಕೆ ಒತ್ತಿ. ಬಹಳ ಜನ "ಅಚ್ಚು ಸರಿ ಬರ್ತಿಲ್ಲ" ಅನ್ನುವುದಕ್ಕೆ ಕಾರಣ ಇದೊಂದೇ.

ಎಲೆ ಅಚ್ಚಿಗೆ ಎಲೆಯ ಹಿಂಬದಿಗೆ ಬಣ್ಣ ಹಚ್ಚಬೇಕು, ನರಗಳು ಎದ್ದು ನಿಂತಿರುವುದು ಅಲ್ಲೇ. ಸೀಬೆ ಎಲೆಯ ನರ ಬಹಳ ಚೆನ್ನಾಗಿ ಮೂಡುತ್ತದೆ. ಎಲೆಯನ್ನು ಕಾಗದದ ಮೇಲಿಟ್ಟು, ಮೇಲೊಂದು ಪೇಪರು ಮುಚ್ಚಿ, ಮಗು ಅಂಗೈಯಿಂದ ಒತ್ತಲಿ. ಎಲೆ ಜರುಗದಂತೆ ತೊಟ್ಟನ್ನು ನೀವು ಹಿಡಿದಿರಿ.

ಕುಂಚಕ್ಕೆ ತೆಂಗಿನ ನಾರಿನ ಸಣ್ಣ ಕಟ್ಟನ್ನು ಕಡ್ಡಿಯ ತುದಿಗೆ ದಾರದಲ್ಲಿ ಬಿಗಿದು ಕತ್ತರಿಸಿ. ಹಸೆ ಚಿತ್ತಾರದವರು ಪುಂಡಿ ನಾರಿನಿಂದ ಕುಂಚ ಮಾಡಿಕೊಳ್ಳುತ್ತಾರೆ. ಬೇವಿನ ಕಡ್ಡಿಯ ತುದಿ ಜಜ್ಜಿದರೂ ಆಗುತ್ತದೆ. ಬೆರಳಂತೂ ಇದ್ದೇ ಇದೆ.

ಇನ್ನು, ಮಗು ಬರೆಯುವಾಗ "ಆನೆ ಹೀಗಿರಲ್ಲ, ಕೊಡು ಇಲ್ಲಿ" ಅಂತ ಕಾಗದ ಕಿತ್ತುಕೊಳ್ಳಬೇಡಿ. ಕೈ ಸುಮ್ನಿರದಿದ್ದರೆ ನೀವೂ ಒಂದು ಕಾಗದ ತೆಗೆದುಕೊಂಡು ನಿಮ್ಮ ಆನೆ ಬರೆಯಿರಿ. ಎಲ್ಲ ಬಣ್ಣ ಕಲಸಿ ಕೆಸರಿನಂಥದ್ದೇನೋ ಮಾಡಿದರೆ ಅದೂ ಸರಿ, ಪ್ರತಿ ಮಗುವೂ ಮಾಡುತ್ತದೆ.

ಹಂತ 7: ಒಣಗಿಸಿ, ಒರೆಸಿ

ಚಿತ್ರಗಳನ್ನು ನೆರಳಲ್ಲಿ ಒಣಗಿಸಿ. ಅರಿಶಿನ, ಬೀಟ್‌ರೂಟು ಎರಡೂ ಬಿಸಿಲಿಗೆ ಬಿಳಿಚಿಕೊಳ್ಳುತ್ತವೆ. ನೆರಳಲ್ಲಿದ್ದರೂ ಬೀಟ್‌ರೂಟಿನ ಗುಲಾಬಿ ಕೆಲವೇ ದಿನಕ್ಕೆ ಮಾಸುತ್ತದೆ. ಮಗು ಬೇಜಾರು ಮಾಡಿಕೊಳ್ಳುವುದು ಬೇಡ ಅಂದರೆ ಅವತ್ತೇ ಒಂದು ಫೋಟೊ ತೆಗೆದಿಡಿ. ಮಣ್ಣು ಮತ್ತು ಅಕ್ಕಿಯ ಬಣ್ಣಗಳು ವರ್ಷಗಟ್ಟಲೆ ನಿಲ್ಲುತ್ತವೆ, ಆದರೆ ಮೈದಾ, ಅಕ್ಕಿ ಅಂದಮೇಲೆ ಜಿರಳೆ, ಇರುವೆಗೂ ಇಷ್ಟ. ಗೋಡೆಗೆ ಅಂಟಿಸುವುದಾದರೆ ಮೇಲೆತ್ತರದಲ್ಲಿ ಅಂಟಿಸಿ.

ಬಟ್ಟೆಗೆ ಅರಿಶಿನ ಬಿದ್ದರೆ ಸೋಪು ಹಾಕಿದ ಕೂಡಲೇ ಕೆಂಪಗಾಗುತ್ತದೆ, ಹೆದರಬೇಡಿ, ಅದು ಹಂತ 5ರ ಆಟವೇ. ತೊಳೆದು ಒಳ್ಳೆಯ ಬಿಸಿಲಿಗೆ ಹಾಕಿ, ಎರಡು ಮೂರು ದಿನದಲ್ಲಿ ತಾನಾಗೇ ತಿಳಿಯಾಗುತ್ತದೆ. ಬೀಟ್‌ರೂಟನ್ನು ಒಣಗಲು ಬಿಡದೆ ತಣ್ಣೀರಿನಲ್ಲಿ ತೊಳೆಯಿರಿ. ಕಾಫಿಗೂ ಅಷ್ಟೇ.

ಉಳಿದ ಬಣ್ಣವನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬರುತ್ತದೆ. ಹುಳಿವಾಸನೆ ಬಂದರೆ ಚೆಲ್ಲಿ. ಬಟ್ಟಲಿನ ಮೇಲೆ "ಬಣ್ಣ" ಅಂತ ಚೀಟಿ ಅಂಟಿಸುವುದು ಮರೆಯಬೇಡಿ, ಪಾಲಕ್ ಬಣ್ಣ ನೋಡಲು ಥೇಟ್ ಚಟ್ನಿ.

ಬೀಟ್‌ರೂಟು ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ. ಚಪಾತಿ ಹಿಟ್ಟಿಗೆ ಕಲಸಿಕೊಳ್ಳಿ, ಇಲ್ಲವೇ ಒಗ್ಗರಣೆ ಹಾಕಿ ಪಲ್ಯ ಮಾಡಿ. ಮಣ್ಣಿನ ಕೈ ಅದಕ್ಕೆ ತಾಗುವ ಮೊದಲೇ ಎತ್ತಿಟ್ಟಿದ್ದರೆ ಮಾತ್ರ.